ಲೂಯಿಸ್ ಅರಗೋನೆಸ್‌ಗೆ ಸಲ್ಲಬೇಕಾದ ಪಾಲು

ಪತ್ರ: ಕಳೆದ ಸಂಚಿಕೆಯಲ್ಲಿ ಸ್ಪೇನ್ ಫುಟ್‌ಬಾಲ್ ಬಗ್ಗೆ ಬರೆಯುತ್ತಾ, 2008ರ ಯುರೋ ಕಪ್ ಗೆದ್ದ ತಂಡದ ಕೋಚ್ ಲೂಯಿಸ್ ಅರಗೋನೆಸ್ ಅವರನ್ನು ಅಟ್ಟಕ್ಕೇರಿಸಿದ್ದೀರಿ. ಚಾವಿ, ಇನಿಯೆಸ್ತಾ, ಟೊರೆಸ್ ಇರುವ ತಂಡವನ್ನು ಯಾರು ಕೋಚ್ ಆಗಿದ್ದರೂ ಗೆಲ್ಲಿಸುತ್ತಿದ್ದರು. ಆ ಪಾಸಿಂಗ್ ಆಟ ಬಾರ್ಸಿಲೋನಾ ಕೋಚ್ ಗಾರ್ಡಿಯೋಲಾ ಕೊಟ್ಟಿದ್ದು, 2010ರ ವಿಶ್ವಕಪ್ ತಂದಿದ್ದು ಆಮೇಲೆ ಬಂದ ಕೋಚ್ ಡೆಲ್ ಬಾಸ್ಕ್. ಕಪ್ಪು ಆಟಗಾರನೊಬ್ಬನ ಬಗ್ಗೆ ಕೀಳಾಗಿ ಮಾತಾಡಿದ ಮುದುಕನಿಗೆ ಇಷ್ಟು ಪುಟ ಯಾಕೆ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದರಲ್ಲಿ ನೀವು ಹೇಳಿದ್ದು ನಿಜ. 2004ರ ಅಕ್ಟೋಬರ್‌ನಲ್ಲಿ ಸ್ಪೇನ್ ತಂಡದ ಅಭ್ಯಾಸದ ವೇಳೆ ರೇಯೆಸ್ ಎಂಬ ಹುಡುಗನನ್ನು ಹುರಿದುಂಬಿಸಲು ಹೋಗಿ, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಅವನ ಜೊತೆಗಾರನಾಗಿದ್ದ ಥಿಯೆರಿ ಆನ್ರಿ ಅವರ ಮೈಬಣ್ಣ ಹಿಡಿದು ಅರಗೋನೆಸ್ ಆಡಿದ ಮಾತು ಹೊಲಸು ಮಾತು. ಅದಕ್ಕೆ ಸ್ಪೇನ್ ಫುಟ್‌ಬಾಲ್ ಸಂಸ್ಥೆ ಹಾಕಿದ 3,000 ಯೂರೋ ದಂಡ ಏನೇನೂ ಅಲ್ಲ. ಮರು ತಿಂಗಳೇ ಮ್ಯಾಡ್ರಿಡ್‌ನಲ್ಲಿ ಇಂಗ್ಲೆಂಡಿನ ಕಪ್ಪು ಆಟಗಾರರು ಚೆಂಡು ಮುಟ್ಟಿದಾಗಲೆಲ್ಲ ಪ್ರೇಕ್ಷಕರು ಕೋತಿಗಳಂತೆ ಕೂಗಿದರು. ದೊಡ್ಡವರ ಬಾಯಿಂದ ಬಿದ್ದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದು ಅಲ್ಲಿ ಕಂಡಿತು. ಅದೇ ಅರಗೋನೆಸ್ ಮಯೋರ್ಕಾ ಕ್ಲಬ್‌ನಲ್ಲಿ ಕ್ಯಾಮರೂನಿನ ಕಪ್ಪು ಆಟಗಾರ ಸ್ಯಾಮುಯೆಲ್ ಎಟೊನನ್ನು ತಿದ್ದಿ ಬೆಳೆಸಿದರು, ಬ್ರೆಜಿಲ್‌ನಲ್ಲಿ ಹುಟ್ಟಿದ ಕಪ್ಪು ಆಟಗಾರ ಮಾರ್ಕೋಸ್ ಸೆನ್ನಾನನ್ನು ಸ್ಪೇನ್ ತಂಡದ ನಡುಗಂಬ ಮಾಡಿದರು. ಇದರಿಂದ ಆ ಮಾತು ತೊಳೆದುಹೋಗುವುದಿಲ್ಲ. ಅದನ್ನು ಅವರ ಲೆಕ್ಕದಲ್ಲಿ ಬರೆದೇ ಮುಂದೆ ಹೋಗೋಣ.

ಆದರೆ ‘ಯಾರು ಕೋಚ್ ಆಗಿದ್ದರೂ’ ಅಂದಿರಲ್ಲ, ಅದನ್ನು ನಾನು ಬಿಡಲಾರೆ.

ಸ್ವಾಮಿ, ಆ ಆಟಗಾರರು 2008ರಲ್ಲಿ ಆಕಾಶದಿಂದ ಉದುರಿದವರಲ್ಲ. ಚಾವಿ, ಟೊರೆಸ್, ಕಾಸಿಯಾಸ್, ಪುಯೋಲ್, ರಾಮೋಸ್ ಎಲ್ಲರೂ 2006ರ ವಿಶ್ವಕಪ್ಪಿನಲ್ಲೂ ಇದ್ದರು, ಫ್ರಾನ್ಸ್ ಎದುರು 3-1ರಲ್ಲಿ ಸೋತು ಮನೆಗೆ ಬಂದರು. ಎರಡು ತಿಂಗಳು ಕಳೆದು ಕೆಲವೇ ದಿನಕ್ಕೆ ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಎದುರು 3-2ರ ಸೋಲು. ಮ್ಯಾಡ್ರಿಡ್‌ನ ಪತ್ರಿಕೆಗಳು ಮುದುಕನನ್ನು ಕಿತ್ತುಹಾಕಿ ಎಂದು ಬರೆದವು. ಆಗ ಅರಗೋನೆಸ್ ಮಾಡಿದ್ದೇನು? ದೇಶದ ಪರ 102 ಪಂದ್ಯ ಆಡಿ 44 ಗೋಲು ಹೊಡೆದಿದ್ದ ರೌಲ್‌ನನ್ನೇ ಹೊರಗಿಟ್ಟರು. ಬೆಲ್‌ಫಾಸ್ಟ್ ಪಂದ್ಯವೇ ರೌಲ್‌ಗೆ ದೇಶದ ಪರ ಕೊನೆಯದಾಯಿತು. ರೌಲ್ ಆಗ ಬರಿಯ ಆಟಗಾರನಲ್ಲ, ಸ್ಪೇನ್‌ನ ಅರ್ಧ ಜನಕ್ಕೆ ದೇವರು. 2007-08ರಲ್ಲಿ ಆತ ರಿಯಲ್ ಮ್ಯಾಡ್ರಿಡ್ ಪರ ಲೀಗ್‌ನಲ್ಲಿ 18 ಗೋಲು ಹೊಡೆದ, ತಂಡ ಲೀಗ್ ಗೆದ್ದಿತು. ಆದರೂ ಕರೆ ಬರಲಿಲ್ಲ. ಅರಗೋನೆಸ್ ಹೋದ ಊರಲ್ಲೆಲ್ಲ ಜನ ರೌಲ್ ಹೆಸರು ಕೂಗಿ ಕಾಡಿದರು. ಅವರು ಜಗ್ಗಲಿಲ್ಲ.

ಬದಲಿಗೆ ಅವರು ನಂಬಿದ್ದು ಯಾರನ್ನು? ಚಾವಿ, ಇನಿಯೆಸ್ತಾ, ಸಿಲ್ವಾ, ಕಸೋರ್ಲಾ – ಐದೂವರೆ ಅಡಿಯ ಆಸುಪಾಸಿನ ಹುಡುಗರನ್ನು. ಯುರೋಪ್ ಗೆಲ್ಲಬೇಕಾದರೆ ಎತ್ತರ ಬೇಕು, ಎದೆ ಬೇಕು ಎಂದು ತಿಳಿದವರೆಲ್ಲ ಹೇಳುತ್ತಿದ್ದ ಕಾಲ. ಈ ಮನುಷ್ಯ ಚೆಂಡನ್ನು ಅತಿ ಚೆನ್ನಾಗಿ ಕಾಪಾಡುವವರನ್ನೆಲ್ಲ ಒಟ್ಟಿಗೆ ನಿಲ್ಲಿಸಿದರು, ಮಧ್ಯದಲ್ಲಿ ಚಾವಿಗೆ ಯಜಮಾನಿಕೆ ಕೊಟ್ಟರು. ತನ್ನ ಬದುಕಿನಲ್ಲಿ ಅರಗೋನೆಸ್ ಅವರ ಪಾಲು ಎಷ್ಟು ದೊಡ್ಡದು ಎಂದು ಚಾವಿ ಆಮೇಲೆ ಸಿಕ್ಕಿದಲ್ಲೆಲ್ಲ ಹೇಳಿಕೊಂಡಿದ್ದಾರೆ. 2007ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 3-1ರಿಂದ ಗೆದ್ದರಲ್ಲ, ಆ ಪಂದ್ಯದಲ್ಲಿ ರಾಮೋಸ್ ಹೊಡೆದ ಗೋಲಿನ ವಿಡಿಯೊ ಹುಡುಕಿ ನೋಡಿ. ಚೆಂಡು ಕಾಲಿಂದ ಕಾಲಿಗೆ, ಕಾಲಿಂದ ಕಾಲಿಗೆ. ನೀವು ಗಾರ್ಡಿಯೋಲಾ ಕೊಟ್ಟಿದ್ದು ಅಂದ ಆಟ ಅದೇ. ಗಾರ್ಡಿಯೋಲಾ ಬಾರ್ಸಿಲೋನಾದ ಹಿರಿಯರ ತಂಡದ ಹೊಣೆ ಹೊತ್ತದ್ದು 2008ರ ಬೇಸಿಗೆಯಲ್ಲಿ, ಸ್ಪೇನ್ ವಿಯೆನ್ನಾದಲ್ಲಿ ಯುರೋ ಕಪ್ ಎತ್ತಿದ ಮೇಲೆ. ಬಾರ್ಸಿಲೋನಾದಲ್ಲಿ ಹಿಂದಿನ ಕೋಚ್ ಕ್ರೈಫ್ ಹಾಕಿದ ಪಾಠ ಈ ಹುಡುಗರ ಮೈಯಲ್ಲಿತ್ತು, ಒಪ್ಪುತ್ತೇನೆ. ಆ ಪಾಠ ದೇಶದ ತಂಡಕ್ಕೂ ಸಾಕು ಎಂದು ನಂಬಿ ತನ್ನ ಕುರ್ಚಿಯನ್ನೇ ಪಣಕ್ಕಿಟ್ಟವರು ಅರಗೋನೆಸ್.

2008ರ ಜೂನ್ 22ರ ಯುರೋ ಕಪ್ ಕ್ವಾರ್ಟರ್‌ಫೈನಲ್ ನೆನಪಿದೆಯೇ? ಎದುರಿಗೆ ಇಟಲಿ. 1986, 1996, 2002 – ಮೂರು ಸಲವೂ ಇದೇ ಜೂನ್ 22ರಂದು ಸ್ಪೇನ್ ಪೆನಾಲ್ಟಿಯಲ್ಲಿ ಸೋತು ಹೊರಬಿದ್ದಿತ್ತು. ನಾಲ್ಕನೆಯ ಸಲ ಕಾಸಿಯಾಸ್ ಎರಡು ಹೊಡೆತ ತಡೆದ, ಕೊನೆಯದನ್ನು 21ರ ಫ್ಯಾಬ್ರೆಗಸ್ ಒಳಗೆ ಹಾಕಿದ. ವಾರದ ಮೇಲೆ ಫೈನಲ್‌ನಲ್ಲಿ ಟೊರೆಸ್ ಗೋಲಿನಿಂದ ಜರ್ಮನಿ ಸೋತಿತು. 44 ವರ್ಷದ ಬಳಿಕ ಸ್ಪೇನ್‌ಗೆ ಒಂದು ಕಪ್ ಬಂತು. ಅರಗೋನೆಸ್ ವಯಸ್ಸು ಆಗ 69.

ಈ ಟೊರೆಸ್ ಕಥೆಯನ್ನೂ ಕೇಳಿ. 2001ರಲ್ಲಿ ಅರಗೋನೆಸ್ ಮಯೋರ್ಕಾ ತಂಡವನ್ನು ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೆ ತಂದು ಚಾಂಪಿಯನ್ಸ್ ಲೀಗ್‌ಗೆ ದಾರಿ ಮಾಡಿದ್ದರು. ಅದನ್ನು ಬಿಟ್ಟು, ಎರಡನೇ ದರ್ಜೆಗೆ ಬಿದ್ದಿದ್ದ ತಮ್ಮ ಹಳೆಯ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಬಂದರು, ಅದನ್ನು ಮೇಲಕ್ಕೆತ್ತಿದರು. ಅಲ್ಲಿ ಅವರ ಕೈಗೆ ಸಿಕ್ಕಿದ 17ರ ಹುಡುಗನೇ ಟೊರೆಸ್. ದೊಡ್ಡ ಸಂಬಳ, ದೊಡ್ಡ ಟೂರ್ನಿ ಬಿಟ್ಟು ಕೆಳದರ್ಜೆಗೆ ಇಳಿದು ಕೆಲಸ ಮಾಡುವ ಕೋಚ್ ಎಷ್ಟು ಮಂದಿ ಇದ್ದಾರೆ ಹೇಳಿ.

ಅಟ್ಲೆಟಿಕೊ ಅವರಿಗೆ ಮನೆಯೇ ಆಗಿತ್ತು. 1966ರಲ್ಲಿ ಅದರ ಹೊಸ ಕ್ರೀಡಾಂಗಣ ಶುರುವಾದಾಗ ಮೊದಲ ಗೋಲು ಅವರದು. ಮೂರು ಲೀಗ್ ಗೆದ್ದರು. ಕ್ಲಬ್ ಪರ ಅವರ ಗೋಲಿನ ದಾಖಲೆ ಮುರಿಯಲು ಗ್ರೀಜ್‌ಮನ್ 2024ರ ತನಕ ಬರಬೇಕಾಯಿತು. 1974ರ ಮೇ 15ರಂದು ಬ್ರಸೆಲ್ಸ್‌ನಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಎದುರು ಕ್ಲಬ್‌ಗಳ ಯುರೋಪಿಯನ್ ಕಪ್ ಫೈನಲ್, ಹೆಚ್ಚುವರಿ ಸಮಯದ 114ನೇ ನಿಮಿಷದಲ್ಲಿ ಅವರ ಫ್ರೀ ಕಿಕ್ ಗೋಲ್‌ಕೀಪರ್ ಸೆಪ್ ಮಾಯರ್ ಅವರನ್ನು ದಾಟಿ ಒಳಗೆ ಹೋಯಿತು. ಕಪ್ ಕೈಗೆ ಬಂದೇಬಿಟ್ಟಿತು ಅನ್ನುವಾಗ 120ನೇ ನಿಮಿಷದಲ್ಲಿ ಬಾಯರ್ನ್‌ನ ಶ್ವಾರ್ಜೆನ್‌ಬೆಕ್ ದೂರದಿಂದ ಒದ್ದು ಸಮ ಮಾಡಿದ. ಎರಡು ದಿನದ ಮೇಲೆ ಮರುಪಂದ್ಯದಲ್ಲಿ 4-0 ಸೋಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದೇ ವರ್ಷದ ಕೊನೆಗೆ ಆಟ ಬಿಟ್ಟು, ನಿನ್ನೆಯವರೆಗೆ ಜೊತೆಯಲ್ಲಿ ಆಡಿದವರಿಗೇ ಕೋಚ್ ಆದರು. 1975ರ ಏಪ್ರಿಲ್‌ನಲ್ಲಿ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಕ್ಲಬ್‌ಗಳ ನಡುವಿನ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದುಕೊಟ್ಟರು, 1977ರಲ್ಲಿ ಲೀಗ್.

1988ರಲ್ಲಿ ಬಾರ್ಸಿಲೋನಾ ಆಟಗಾರರು ಹೋಟೆಲೊಂದರಲ್ಲಿ ಸೇರಿ ಅಧ್ಯಕ್ಷ ನೂನ್ಯೆಸ್ ಇಳಿಯಬೇಕೆಂದು ಎದ್ದು ನಿಂತಾಗ ಕೋಚ್ ಅರಗೋನೆಸ್ ಕೂತದ್ದು ಆಟಗಾರರ ಪಕ್ಕದಲ್ಲಿ. ಕೆಲವೇ ವಾರಗಳ ಹಿಂದೆ ಕ್ಲಬ್‌ಗೆ ಸ್ಪೇನ್‌ನ ಕೋಪಾ ದೆಲ್ ರೇ ಕಪ್ ತಂದುಕೊಟ್ಟಿದ್ದರು. ಕೆಲಸ ಹೋಯಿತು.

ಡೆಲ್ ಬಾಸ್ಕ್ ಸಜ್ಜನರು, ಕಟ್ಟಿದ್ದನ್ನು ಕೆಡವದ ವಿವೇಕ ಇದ್ದವರು. 2010ರ ವಿಶ್ವಕಪ್ ಫೈನಲ್‌ಗೆ ಇಳಿದ ಹನ್ನೊಂದರಲ್ಲಿ ಆರು ಮಂದಿ ವಿಯೆನ್ನಾದ ಹನ್ನೊಂದರಲ್ಲೂ ಇದ್ದವರು. ಡೆಲ್ ಬಾಸ್ಕ್ ಹಿರಿಮೆ ಹೇಳಲು ನೂರು ಜನರಿದ್ದಾರೆ.

ಕಟ್ಟಿದವರನ್ನು ಮರೆಯುವ ಈ ಅನ್ಯಾಯ ಸ್ಪೇನ್‌ನದಷ್ಟೇ ಅಲ್ಲ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. ಸ್ಪೇನ್‌ನಿಂದಲೇ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ಈ ತಂಡವನ್ನು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು, 2018ರಲ್ಲಿ ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಆಡಿಸಿದರು. ಎರಡರಲ್ಲೂ ತಂಡ ಸೋತಿತು. ಮರುವರ್ಷ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆಗಿ ಐಎಸ್‌ಎಲ್ ಕಪ್ ಗೆದ್ದರು. ಕ್ವಾದ್ರಾತ್ ಗೆಲುವು ಅವರದೇ, ಅನುಮಾನವಿಲ್ಲ. ಆದರೆ ರೋಕಾ ಹೆಸರು ಈಗ ಎಷ್ಟು ಜನರ ಬಾಯಲ್ಲಿದೆ?

ಇನ್ನೂ ಕೆಳಗೆ ಬನ್ನಿ. ರಾಜ್ಯ ತಂಡಕ್ಕೆ ಹುಡುಗಿಯೊಬ್ಬಳು ಆಯ್ಕೆಯಾದರೆ ಅವಳ ಊರಲ್ಲಿ ಸನ್ಮಾನ ನಡೆಯುತ್ತದೆ. ವೇದಿಕೆ ಮೇಲೆ ಶಾಸಕರು, ಗುತ್ತಿಗೆದಾರರು, ಬ್ಯಾನರಿನಲ್ಲಿ ಎಲ್ಲರ ಫೋಟೊ. ಆರನೇ ತರಗತಿಯಲ್ಲಿ ಅವಳ ಕಾಲಿನ ಓಟ ಗುರುತಿಸಿ, ಮನೆಯವರನ್ನು ಒಪ್ಪಿಸಿ, ತನ್ನ ದುಡ್ಡಲ್ಲಿ ಶೂ ಕೊಡಿಸಿದ ದೈಹಿಕ ಶಿಕ್ಷಕರು ಶಾಮಿಯಾನದ ಹಿಂದಿನ ಸಾಲಲ್ಲಿ ಕುರ್ಚಿ ಹುಡುಕುತ್ತಿರುತ್ತಾರೆ. ನಾನು ಕಂಡಿದ್ದೇನೆ, ನೀವೂ ಕಂಡಿರುತ್ತೀರಿ. ಗೆದ್ದವರನ್ನು ಹೊಗಳಲು ನಮ್ಮ ಪತ್ರಿಕೆಗಳಿಗೆ ಮುಖಪುಟವಿದೆ, ಆರಿಸಿದವರಿಗೆ ಒಳಪುಟದ ಒಂದು ಸಾಲೂ ಇಲ್ಲ. ಇಂಥ ಪತ್ರಿಕೆಗಳನ್ನು ಓದಿ ಬೆಳೆದದ್ದಕ್ಕೇ ‘ಯಾರು ಕೋಚ್ ಆಗಿದ್ದರೂ’ ಎಂಬ ಮಾತು ನಿಮ್ಮಂಥ ಒಳ್ಳೆಯ ಓದುಗರ ಪೆನ್ನಿಗೂ ಸಲೀಸಾಗಿ ಬರುತ್ತದೆ. 2006ನೇ ಇಸವಿಯ ಫಲಿತಾಂಶಗಳನ್ನು ಒಮ್ಮೆ ನೋಡಿಕೊಂಡಿದ್ದರೆ ನೀವು ಹಾಗೆ ಬರೆಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಡೆಲ್ ಬಾಸ್ಕ್ ಬಗ್ಗೆ ಲೇಖನ ಬೇಕು ಎಂದು ನಿಮಗನ್ನಿಸಿದರೆ ನೀವೇ ಬರೆಯಿರಿ, ನಿಮ್ಮ ಪತ್ರದ ಭಾಷೆ ಗಟ್ಟಿಯಾಗಿದೆ, ಖಂಡಿತ ಹಾಕುತ್ತೇನೆ. ಉಳಿದ ಓದುಗರಲ್ಲಿ ನನ್ನ ಕೋರಿಕೆ ಬೇರೆ. ನಿಮ್ಮ ತಾಲೂಕಿನ ಮೈದಾನದಲ್ಲಿ ಮಕ್ಕಳನ್ನು ಆರಿಸಿ ಬೆಳೆಸಿದ, ಯಾವ ಬ್ಯಾನರಿನಲ್ಲೂ ಕಾಣದ ಕೋಚ್‌ಗಳ ಬಗ್ಗೆ ಬರೆದು ಕಳಿಸಿ, ಅವರ ಒಪ್ಪಿಗೆ ಪಡೆದು. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ನಾಲ್ಕು ಪುಟ ತೆಗೆದಿಟ್ಟಿದ್ದೇನೆ.