ಎಲ್ಲವನ್ನೂ ನಿಭಾಯಿಸಿದವರಿಗೂ ಚಿಕಿತ್ಸೆ ಬೇಕೆ?: ಓದುಗರ ಪ್ರಶ್ನೆಗಳಿಗೆ ಮನಶ್ಶಾಸ್ತ್ರಜ್ಞರ ಉತ್ತರ

ಪ್ರಶ್ನೆ: ನನಗೆ 44 ವರ್ಷ, ಪ್ರೌಢಶಾಲೆಯ ಶಿಕ್ಷಕ. ಎರಡು ವರ್ಷದ ಹಿಂದೆ ತಂದೆ ಹೃದಯಾಘಾತದಿಂದ ತೀರಿಕೊಂಡರು. ಹಿರಿಯ ಮಗನಾದ್ದರಿಂದ ಉತ್ತರಕ್ರಿಯೆ, ಆಸ್ತಿಯ ಪಾಲು, ತಂಗಿಯ ಮದುವೆ ಎಲ್ಲವನ್ನೂ ನಾನೇ ನಿಂತು ಮಾಡಿದೆ, ಅಳುವುದಕ್ಕೂ ಬಿಡುವಾಗಲಿಲ್ಲ. ಆರೇಳು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಎದೆ ಹಿಡಿದಂತಾಗುತ್ತದೆ, ಮಗ ಮನೆಗೆ ಬರುವುದು ಸ್ವಲ್ಪ ತಡವಾದರೂ ಕೂಗಾಡುತ್ತೇನೆ. ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಾಗಿವೆ. ವೈದ್ಯರು ಥೆರಪಿಗೆ ಹೋಗಿ ಎಂದಿದ್ದಾರೆ. ಕಷ್ಟ ಹೇಳಿಕೊಳ್ಳಲು ನನಗೆ ಸ್ನೇಹಿತರಿದ್ದಾರೆ. ಅಪರಿಚಿತರೊಬ್ಬರ ಮುಂದೆ ಕುಳಿತು ಮಾತನಾಡಿದರೆ ಹೊಸದಾಗಿ ಏನಾಗುತ್ತದೆ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ದೇಹದ ತಪಾಸಣೆಗಳನ್ನು ಮೊದಲೇ ಮುಗಿಸಿಕೊಂಡಿದ್ದೀರಿ, ಒಳ್ಳೆಯದಾಯಿತು. ಥೈರಾಯ್ಡ್‌ನ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇವು ಎಷ್ಟೋ ಸಲ ಖಿನ್ನತೆ, ಆತಂಕಗಳಂತೆಯೇ ಕಾಣಿಸಿಕೊಳ್ಳುತ್ತವೆ. ಪತ್ರವೊಂದನ್ನು ಓದಿ ರೋಗನಿರ್ಣಯ ಮಾಡಲು ಬರುವುದಿಲ್ಲ, ಮಾಡಲೂಬಾರದು. ಆದರೆ ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು, ಅದಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ.

ಸ್ನೇಹಿತರು ನಿಮ್ಮನ್ನು ಪ್ರೀತಿಸುತ್ತಾರೆ, ಆದ್ದರಿಂದಲೇ ನಿಮ್ಮ ನೋವನ್ನು ಹೆಚ್ಚು ಹೊತ್ತು ನೋಡಲಾರರು. ಮಾತು ತಂದೆಯವರ ಕಡೆಗೆ ತಿರುಗಿದ ಕೂಡಲೇ ‘ಅವರ ಆಯುಸ್ಸು ಅಷ್ಟೇ ಇತ್ತು, ನೀನು ಮಾಡಬೇಕಾದ್ದನ್ನೆಲ್ಲ ಮಾಡಿದೆ’ ಎಂದು ಸಮಾಧಾನ ಹೇಳುತ್ತಾರೆ, ನೀವೂ ಅವರಿಗೆ ಬೇಸರವಾಗಬಾರದೆಂದು ‘ಹೌದು’ ಎಂದು ಸುಮ್ಮನಾಗುತ್ತೀರಿ. ಚಿಕಿತ್ಸಕರು ಅದೇ ಜಾಗದಲ್ಲಿ ನಿಲ್ಲುತ್ತಾರೆ. ಆ ದಿನ ಏನಾಯಿತು, ಸುದ್ದಿ ಹೇಗೆ ಬಂತು, ಅಂದಿನಿಂದ ಯಾವ ಕೆಲಸ, ಯಾವ ಜಾಗ, ಯಾವ ಮಾತನ್ನು ತಪ್ಪಿಸುತ್ತ ಬಂದಿದ್ದೀರಿ ಎಂದು ಕೇಳುತ್ತಾರೆ. ಅವರ ಮನಸ್ಸಿಗೆ ಏನನ್ನಿಸುತ್ತದೋ ಎಂದು ನೀವು ಕಾಳಜಿ ಮಾಡಬೇಕಾದ ಅಗತ್ಯವಿಲ್ಲ. ಮನೆಯಲ್ಲಿ ಎಲ್ಲರ ಭಾರವನ್ನೂ ಹೊತ್ತ ಹಿರಿಯ ಮಗನಿಗೆ ಇದೇ ಒಂದು ಹೊಸ ಅನುಭವ.

ಮೊದಲ ಒಂದೆರಡು ಭೇಟಿಗಳು ಸಾಮಾನ್ಯವಾಗಿ ಪರಿಚಯಕ್ಕೆ ಮೀಸಲು. ನಿದ್ದೆ, ಊಟ, ಕುಡಿತ, ಕೆಲಸ, ದಾಂಪತ್ಯ, ಹಿಂದಿನ ಕಾಯಿಲೆಗಳನ್ನು ಕೇಳುವುದರ ಜೊತೆಗೆ ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳುತ್ತಾರೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅನಂತರ ಏನು ಬದಲಾಗಬೇಕು ಎಂಬುದನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳುತ್ತಾರೆ. ‘ನೆಮ್ಮದಿ ಬೇಕು’ ಎನ್ನುವುದಕ್ಕಿಂತ ‘ಮಗ ತಡವಾಗಿ ಬಂದಾಗ ಕೂಗಾಡದೆ ಮಾತನಾಡಬೇಕು’ ಎಂಬ ಗುರಿಯಿದ್ದರೆ ಕೆಲಸ ಮುಂದುವರಿಯುತ್ತದೆ.

ಆ ಕೂಗಾಟವನ್ನೇ ತೆಗೆದುಕೊಳ್ಳಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ತಮ್ಮ ಖಿನ್ನತೆಯ ರೋಗಿಗಳಲ್ಲಿ ಒಂದು ಸಂಗತಿಯನ್ನು ಗಮನಿಸಿದರು: ಘಟನೆಗೂ ಭಾವನೆಗೂ ನಡುವೆ ಕ್ಷಣಮಾತ್ರದಲ್ಲಿ ಒಂದು ಯೋಚನೆ ತಾನಾಗಿಯೇ ಹಾದುಹೋಗುತ್ತದೆ, ಅದನ್ನು ರೋಗಿ ಪರೀಕ್ಷಿಸದೆಯೇ ನಂಬಿಬಿಡುತ್ತಾನೆ. ಇದರ ಮೇಲೆ ಬೆಳೆದು ಬಂದದ್ದು ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಈಗ ಎಲ್ಲೆಡೆ ಸಿಬಿಟಿ ಎಂದು ಕರೆಯಲಾಗುವ ವಿಧಾನ. ಇದರಲ್ಲಿ ನೀವು ವಾರವಿಡೀ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೀರಿ: ಏನಾಯಿತು, ಆಗ ತಲೆಯಲ್ಲಿ ಏನು ಬಂತು, ದೇಹ ಹೇಗಾಯಿತು, ನೀವೇನು ಮಾಡಿದಿರಿ. ಮಗ ತಡಮಾಡಿದಾಗ ಸಿಟ್ಟಿಗಿಂತ ಮೊದಲು ಬಂದದ್ದು ‘ಇನ್ನೊಂದು ಕೆಟ್ಟ ಸುದ್ದಿ ಬರುತ್ತದೆ’ ಎಂಬ ಭಯವಾಗಿರಬಹುದು. ಎದೆ ಹಿಡಿದಾಗ ‘ಅಪ್ಪನಿಗಾದದ್ದೇ ನನಗೂ ಆಗುತ್ತಿದೆ’ ಎಂಬ ಯೋಚನೆಯಿರಬಹುದು. ಇರದೆಯೂ ಇರಬಹುದು, ಅದು ಬರೆದಾಗಲೇ ತಿಳಿಯುವುದು. ಭಯ ಎಂದು ಗುರುತಿಸಿದ ಮೇಲೆ ಮಗನ ಮುಂದೆ ಆಡುವ ಮಾತೇ ಬೇರೆಯಾಗುತ್ತದೆ.

ಅಳುವುದಕ್ಕೆ ಬಿಡುವಾಗಲಿಲ್ಲ ಎಂದಿದ್ದೀರಿ. ಹದಿಮೂರು ದಿನಗಳ ಕ್ರಿಯೆಗಳು ಅನೇಕರಿಗೆ ದುಃಖಿಸಲು ಅವಕಾಶ ಕೊಡುತ್ತವೆ. ಆದರೆ ಅಡುಗೆಯವರಿಂದ ಹಿಡಿದು ಪುರೋಹಿತರವರೆಗೆ ಎಲ್ಲರನ್ನೂ ನೋಡಿಕೊಳ್ಳುವ ಮಗನಿಗೆ ಅವು ದುಡಿಮೆಯ ದಿನಗಳೇ ಆಗಿಬಿಡುತ್ತವೆ. ದುಃಖದ ಚಿಕಿತ್ಸೆಯಲ್ಲಿ ತಪ್ಪಿಸಿಕೊಂಡ ನೆನಪುಗಳ ಬಳಿಗೆ ನಿಧಾನವಾಗಿ, ನಿಮ್ಮ ಒಪ್ಪಿಗೆಯಿಂದಲೇ ಹೋಗಲಾಗುತ್ತದೆ. ತಂದೆಯವರ ಕಪಾಟನ್ನು ತೆರೆಯುವುದು, ಹೇಳದೆ ಉಳಿದ ಮಾತನ್ನು ಪತ್ರವಾಗಿ ಬರೆಯುವುದು, ಇಂಥವು ಅದರ ಭಾಗ. ನಿದ್ದೆಗೆ ಬೇರೆಯೇ ಕ್ರಮಗಳಿವೆ: ಏಳುವ ಸಮಯ ದಿನವೂ ಒಂದೇ ಆಗಿರುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆಡೆ ಕೂರುವುದು.

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ, ವಾರಕ್ಕೊಮ್ಮೆ. ಕೆಲವರಿಗೆ ಏಳೆಂಟು ಭೇಟಿಗಳು ಸಾಕು, ಬಾಲ್ಯದಿಂದ ಬಂದ ಗಾಯಗಳಿದ್ದವರಿಗೆ ವರ್ಷವೇ ಬೇಕಾಗಬಹುದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ನೀಡಿದಾಗ, ತೀವ್ರ ಖಿನ್ನತೆಯಿಂದ ಚೇತರಿಸಿಕೊಂಡವರ ಪ್ರಮಾಣ ಅದಿಲ್ಲದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಹಾಗೆಂದು ಮಾತ್ರೆ ಬೇಡ ಎನ್ನುತ್ತಿಲ್ಲ. ಬೈಪೋಲಾರ್ ಕಾಯಿಲೆ (ಅತಿಯಾದ ಉತ್ಸಾಹ ಮತ್ತು ಖಿನ್ನತೆ ಬೇರೆ ಬೇರೆ ಅವಧಿಗಳಲ್ಲಿ ಬರುವುದು), ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ಕಾಯಿಲೆ) ಇದ್ದಾಗ ಔಷಧ ಇಲ್ಲದೆ ಆಗದು; ತೀವ್ರ ಖಿನ್ನತೆಯಲ್ಲಿ ಎರಡೂ ಕೂಡಿದರೆ ಒಳ್ಳೆಯದು. ಎಲ್ಲವನ್ನೂ ನಿಭಾಯಿಸುತ್ತಿದ್ದೇನಲ್ಲ ಎಂಬ ಕಾರಣಕ್ಕೆ ಮಾತ್ರ ದಯವಿಟ್ಟು ಮುಂದೂಡಬೇಡಿ. ನಿಮ್ಮಂಥವರು ಕುಸಿದ ಮೇಲೆಯೇ ನಮ್ಮ ಬಳಿಗೆ ಬರುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಸಣ್ಣ ಊರು. ಇಲ್ಲಿ ಮನಶ್ಶಾಸ್ತ್ರಜ್ಞರಿಲ್ಲ, ನಗರದಲ್ಲಿ ಶುಲ್ಕ ಹೆಚ್ಚು. ವಿಷಯ ನೆಂಟರಿಗೆ ತಿಳಿದರೆ ಎಂಬ ಭಯವೂ ಇದೆ. ಯಾರನ್ನು ನಂಬಬೇಕು?
– ಗೃಹಿಣಿ, 36 ವರ್ಷ

ಉತ್ತರ: ಇಂದೇ ಮಾಡಬಹುದಾದದ್ದು 14416ಕ್ಕೆ ಕರೆ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ಸ್ಥಾನವಿದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಎಂಬುದನ್ನು ಹೆಮ್ಮೆಯಿಂದಲೇ ನೆನೆಯಬೇಕು. ನಿಮಗೆ ಹತ್ತಿರದ ದೊಡ್ಡ ಸರ್ಕಾರಿ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಆದರೆ ಸರ್ಕಾರಿ ಹೊರರೋಗಿ ವಿಭಾಗಗಳಲ್ಲಿ ಜನಸಂದಣಿ ಹೆಚ್ಚು, ವಾರವಾರವೂ ಮುಕ್ಕಾಲು ಗಂಟೆ ಸಿಗುವುದು ಕಷ್ಟ. ಆದ್ದರಿಂದ ಮೊದಲ ಪರೀಕ್ಷೆಯನ್ನು ಅಲ್ಲಿ ಮಾಡಿಸಿಕೊಂಡು, ಮುಂದಿನ ಭೇಟಿಗಳನ್ನು ವಿಡಿಯೊ ಮೂಲಕ ನಡೆಸಲು ಸಾಧ್ಯವೇ ಎಂದು ಕೇಳಿ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10ಕ್ಕೂ ಹೆಚ್ಚು ಮಂದಿಗೆ ಮಾನಸಿಕ ಸಮಸ್ಯೆಗಳಿದ್ದವು, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಖಾಸಗಿಯಾಗಿ ಹೋಗುವುದಾದರೆ ಓದು ಏನೆಂದು ಕೇಳಲು ಸಂಕೋಚಪಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೆಲವೇ ದಿನಗಳಲ್ಲಿ ಗುಣಪಡಿಸುವ ಭರವಸೆ ಕೊಡುವವರಿಂದ ದೂರವಿರಿ. ಗುಟ್ಟಿನ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಪರಿಚ್ಛೇದದಂತೆ ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡುವುದು ಅವರ ಕರ್ತವ್ಯ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ಅವುಗಳನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಐದು ಭೇಟಿಗಳಾದವು. ಮೊದಲಿಗಿಂತ ಹೆಚ್ಚು ಅಳು ಬರುತ್ತಿದೆ. ನಿಲ್ಲಿಸಲೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅದುಮಿಟ್ಟದ್ದು ಹೊರಬರುವಾಗ ಕೆಲವು ವಾರ ಅಳು ಹೆಚ್ಚುವುದುಂಟು. ಆದರೆ ಅಳುವಿನ ಜೊತೆಗೆ ಏನಾದರೂ ಅರ್ಥವಾಗುತ್ತಿದೆಯೇ, ಮಾಡಬೇಕಾದ ಕೆಲಸ ಗೊತ್ತಾಗುತ್ತಿದೆಯೇ ಎಂದು ನೋಡಿಕೊಳ್ಳಿ. ನಿದ್ದೆ, ಊಟ, ಕೆಲಸ ಕೆಡುತ್ತಲೇ ಹೋದರೆ ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲ ವಿಷಯವಾಗಿ ಎತ್ತಿ. ಒಳ್ಳೆಯ ಚಿಕಿತ್ಸಕರು ಬೇಸರಿಸದೆ ವೇಗವನ್ನೋ ವಿಧಾನವನ್ನೋ ಬದಲಿಸುತ್ತಾರೆ. ಹೇಳಿದ ಮೇಲೂ ಕೇಳಿಸಿಕೊಳ್ಳದಿದ್ದರೆ, ನಿಮ್ಮನ್ನು ಹೀಯಾಳಿಸಿದರೆ ಅಥವಾ ವೈಯಕ್ತಿಕ ಸಲುಗೆ ಬೆಳೆಸಿದರೆ ಖಂಡಿತ ಬೇರೆಯವರನ್ನು ನೋಡಿ. ಬದುಕು ಬೇಡ ಎನಿಸಿದರೆ ಮಾತ್ರ ಮುಂದಿನ ಭೇಟಿಯವರೆಗೂ ಕಾಯಬಾರದು: ಆಗಲೇ 14416ಕ್ಕೆ ಕರೆ ಮಾಡಿ, ಅಥವಾ ಮನೆಯವರೊಬ್ಬರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.