ಓದುಗರ ಪ್ರಶ್ನೆ: ಭಾರದ ಸವಾರ, ಮೆದುವಾದ ಶಾಕ್

ಪ್ರಶ್ನೆ: ನನ್ನ ತೂಕ 108 ಕಿಲೋ. ಹಿಂದೆ ಎರಡು ಶಾಕ್ ಅಬ್ಸಾರ್ಬರ್‌ಗಳಿರುವ 350 ಸಿಸಿ ಬೈಕಿನಲ್ಲಿ ದಿನವೂ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗಿಬರುತ್ತೇನೆ. ಹಂಪ್ ದಾಟುವಾಗಲೆಲ್ಲ ಹಿಂಭಾಗ ‘ದಡ್’ ಎಂದು ಬಡಿಯುತ್ತದೆ. ಬ್ರೇಕ್ ಹಿಡಿದರೆ ಮುಂಭಾಗ ಮುಗ್ಗರಿಸಿದಂತೆ ಕುಸಿಯುತ್ತದೆ. ಪಕ್ಕದಲ್ಲಿ ಗ್ಯಾಸ್ ತುಂಬಿದ ಸಣ್ಣ ಡಬ್ಬಿ, ಅಂದರೆ ಕ್ಯಾನ್ ಇರುವ ಶಾಕ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಬಳಿ ಇರುವುದು ಎಂಟು ಸಾವಿರ ರೂಪಾಯಿ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ಟೇಪನ್ನೂ ಇಬ್ಬರು ಸ್ನೇಹಿತರನ್ನೂ ಹೊಂದಿಸಿಕೊಳ್ಳಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಚಕ್ರ ನೆಲ ಬಿಟ್ಟಿರುವಾಗ, ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಕೆಳಗೆ ನೀವು ಮಾಡಿಕೊಂಡ ಗುರುತಿನವರೆಗೆ ಎಷ್ಟು ಮಿಲಿಮೀಟರ್ ಇದೆಯೆಂದು ಬರೆದಿಡಿ. ಆಮೇಲೆ ಸ್ಟ್ಯಾಂಡ್ ತೆಗೆದು ಬೈಕು ತನ್ನ ಭಾರಕ್ಕಷ್ಟೇ ಕೂತಾಗ ಒಮ್ಮೆ, ಹೆಲ್ಮೆಟ್ಟು ಬ್ಯಾಗುಗಳ ಸಮೇತ ನೀವು ಹತ್ತಿ ಕೂತಾಗ ಇನ್ನೊಮ್ಮೆ ಅಳೆಯಲು ಹೇಳಿ. ಮೊದಲ ಅಳತೆಯಿಂದ ಕೊನೆಯ ಅಳತೆಯನ್ನು ಕಳೆದರೆ ಸಿಗುವುದೇ ‘ಸ್ಯಾಗ್’. ಅದು ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಆ ದೂರ 90 ಮಿ.ಮೀ. ಎಂದುಕೊಂಡರೆ ಸ್ಯಾಗ್ 30 ಇದ್ದರೆ ಸರಿ. ನಿಮ್ಮದು 50 ಬಂದರೆ, ಹಂಪ್ ಎದುರಾಗುವ ಮೊದಲೇ ಅರ್ಧಕ್ಕಿಂತ ಹೆಚ್ಚು ಖರ್ಚಾಗಿಹೋಗಿದೆ ಎಂದರ್ಥ. ‘ದಡ್’ ಎನ್ನುವುದು ಅದಕ್ಕೇ.

ಇನ್ನು ಶಾಕ್‌ನ ಮೇಲಿರುವ ಮೆಟ್ಟಿಲುಳ್ಳ ಉಂಗುರವನ್ನು ಟೂಲ್ ಕಿಟ್‌ನ ಸಿ-ಸ್ಪ್ಯಾನರ್‌ನಿಂದ, ಎರಡೂ ಬದಿಗೆ ಸಮನಾಗಿ, ಮೇಲಿನ ಮೆಟ್ಟಿಲಿಗೆ ಏರಿಸಿ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಅನೇಕ ಮೆಕ್ಯಾನಿಕ್‌ಗಳೂ ನಂಬಿದ್ದಾರೆ, ಆದರೆ ಹಾಗಾಗುವುದಿಲ್ಲ. 10 ಮಿ.ಮೀ. ಕುಗ್ಗಲು 15 ಕಿಲೋ ಭಾರ ಬೇಡುವ ಸ್ಪ್ರಿಂಗು ಉಂಗುರ ಏರಿಸಿದ ಮೇಲೂ ಮುಂದಿನ 10 ಮಿ.ಮೀ.ಗೆ ಅಷ್ಟೇ ಭಾರ ಬೇಡುತ್ತದೆ. ಬೈಕು ಸ್ವಲ್ಪ ಮೇಲೇರಿ ನಿಲ್ಲುತ್ತದೆ, ಅಷ್ಟೆ. ಹಾಗೆಂದು ಇದು ವ್ಯರ್ಥ ಕೆಲಸವಲ್ಲ. ಮತ್ತೆ ಅಳೆದಾಗ ಸ್ಯಾಗ್ 30ರ ಹತ್ತಿರ ಬಂದಿದ್ದು, ಸವಾರನಿಲ್ಲದಾಗಲೂ ಬೈಕು ತನ್ನ ಭಾರಕ್ಕೆ 5ರಿಂದ 10 ಮಿ.ಮೀ. ಇಳಿಯುತ್ತಿದ್ದರೆ ನಿಮ್ಮ ಎಂಟು ಸಾವಿರ ಜೇಬಿನಲ್ಲೇ ಉಳಿಯಿತು. ಬೈಕು ತನ್ನ ಭಾರಕ್ಕೆ ಇಳಿಯುವುದೇ ಇಲ್ಲ, ಆದರೂ ನೀವು ಕೂತೊಡನೆ 40 ದಾಟುತ್ತದೆ ಎಂದಾದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು. ಅದಕ್ಕೆ ಬೇರೆ ಸ್ಪ್ರಿಂಗ್ ಬಿಟ್ಟು ಬೇರೆ ಮದ್ದಿಲ್ಲ.

ಕ್ಯಾನ್ ಬಗ್ಗೆ ಹೇಳುವುದಾದರೆ, ಒಳಗಿನ ಗ್ಯಾಸ್‌ನ ಮುಖ್ಯ ಕೆಲಸ ಆಯಿಲ್ ನೊರೆಯಾಗದಂತೆ ಒತ್ತಿ ಹಿಡಿಯುವುದು. ನಿಮ್ಮನ್ನು ಹೊರುವುದು ಸ್ಪ್ರಿಂಗೇ. ಅಗ್ಗದ ಜೋಡಿಯೊಂದರ ಕ್ಯಾನನ್ನು ಬಿಚ್ಚಿಸಿ ನೋಡಿದಾಗ, ಅದಕ್ಕೂ ಶಾಕ್‌ಗೂ ನಡುವೆ ರಂಧ್ರವೇ ಇಲ್ಲದ ಖಾಲಿ ಡಬ್ಬಿಯನ್ನು ನಾನು ಕಂಡಿದ್ದೇನೆ. ಆದ್ದರಿಂದ ಅಂಗಡಿಯಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಈ ಸ್ಪ್ರಿಂಗ್ ಎಷ್ಟು ತೂಕದ ಸವಾರನಿಗೆ? ಉತ್ತರ ಬಾರದಿದ್ದರೆ ಹಿಂತಿರುಗಿ. ಬ್ರಿಟನ್ನಿನ ಹ್ಯಾಗನ್‌ನಂತಹ ತಯಾರಕರು ಆರ್ಡರ್ ಪಡೆಯುವಾಗಲೇ ಸವಾರನ ತೂಕ ಕೇಳುತ್ತಾರೆ. ಹೊಸ ಶಾಕ್‌ನ ಉದ್ದವನ್ನು, ಅಂದರೆ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿನವರೆಗೆ, ಹಳೆಯದರೊಂದಿಗೆ ಹೋಲಿಸಿಯೇ ತನ್ನಿ. ಉದ್ದ ಹೆಚ್ಚಾದರೆ ಹಿಂಭಾಗ ಎತ್ತರವಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಬೈಕು ತೀರಾ ವಾಲುತ್ತದೆ.

ಮುಂಭಾಗಕ್ಕೆ ಮೊದಲು ಫೋರ್ಕ್‌ನ, ಅಂದರೆ ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ, ಆಯಿಲ್ ಬದಲಿಸಿ. ಹಳೆಯ ಆಯಿಲ್ ಕಪ್ಪಾಗಿ ನೀರಿನಂತೆ ಸುರಿಯುವುದನ್ನು ಪಕ್ಕದಲ್ಲೇ ನಿಂತು ನೋಡಿ, ಕುಸಿತಕ್ಕೆ ಅರ್ಧ ಕಾರಣ ಅಲ್ಲೇ ಕಾಣಬಹುದು. 10ಡಬ್ಲ್ಯೂ ಇದ್ದಲ್ಲಿ ಅದಕ್ಕಿಂತ ದಪ್ಪನೆಯ 15ಡಬ್ಲ್ಯೂ ಆಯಿಲ್ ಹಾಕಿದರೆ ಬ್ರೇಕ್ ಹಿಡಿದಾಗ ಮುಂಭಾಗ ನಿಧಾನವಾಗಿ ಇಳಿಯುತ್ತದೆ, ಆದರೆ ಚೂಪಾದ ಗುಂಡಿಗಳು ಕೈಗೆ ಹೆಚ್ಚು ಬಡಿಯುತ್ತವೆ. ಘಟ್ಟದ ರಸ್ತೆಯಲ್ಲಿ ಓಡಾಡುವವರಿಗೆ ಅದಕ್ಕಿಂತ ದಪ್ಪನೆಯದು ಬೇಡ. ಆಯಿಲ್‌ನ ಮಟ್ಟವನ್ನು 10 ಮಿ.ಮೀ. ಏರಿಸಿದರೆ ಮೇಲಿನ ಗಾಳಿಗೆ ಜಾಗ ಕಡಿಮೆಯಾಗಿ ಫೋರ್ಕ್ ಪೂರ್ತಿ ಕುಗ್ಗುವ ಹಂತದಲ್ಲಷ್ಟೇ ಬಿಗಿಯಾಗುತ್ತದೆ. ಇನ್ನೂ ಏರಿಸಿದರೆ ಸೀಲ್ ಸೋರುತ್ತದೆ. ಇದೇ ಹೊತ್ತಿನಲ್ಲಿ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಪರೀಕ್ಷಿಸಲು ಹೇಳಿ.

ಪ್ರಶ್ನೆ: ಫೋರ್ಕ್ ಸ್ಪ್ರಿಂಗ್ ಮೇಲೆ ಪಿವಿಸಿ ಪೈಪಿನ ತುಂಡು ಇಡುವುದು ಸರಿಯೇ? ನನ್ನ ತೂಕ 96 ಕಿಲೋ.
– ಓದುಗರೊಬ್ಬರು, ಗದಗ

ಉತ್ತರ: ಸರಿಯೇ, ಮಿತಿಯೊಳಗೆ ಇದ್ದರೆ. ಹಿಂದಿನ ಶಾಕ್‌ನ ಉಂಗುರದಂತೆ ಇದೂ ಸ್ಪ್ರಿಂಗನ್ನು ಒತ್ತಿ ಮುಂಭಾಗವನ್ನು ಸ್ವಲ್ಪ ಮೇಲೇರಿಸುತ್ತದೆ. ದಪ್ಪ ಗೋಡೆಯ ಪೈಪನ್ನು ಎರಡೂ ಫೋರ್ಕಿಗೆ ಒಂದೇ ಅಳತೆಯಲ್ಲಿ, ತುದಿ ಓರೆಯಾಗದಂತೆ ಕತ್ತರಿಸಿ, ಸ್ಪ್ರಿಂಗ್‌ಗೂ ಪೈಪಿಗೂ ನಡುವೆ ಉಕ್ಕಿನ ವಾಷರ್ ಇಡಬೇಕು; ಇಲ್ಲವಾದರೆ ಸ್ಪ್ರಿಂಗಿನ ತುದಿ ಪ್ಲಾಸ್ಟಿಕ್ಕನ್ನು ಕೊರೆದು ಪುಡಿ ಆಯಿಲ್‌ಗೆ ಸೇರುತ್ತದೆ. 10 ಮಿ.ಮೀ.ನಿಂದ ಆರಂಭಿಸಿ, ಅಳೆದು, ಬೇಕಿದ್ದರೆ 15ಕ್ಕೆ ಹೋಗಿ. ಅದಕ್ಕಿಂತ ಉದ್ದವಾದರೆ ದೊಡ್ಡ ಗುಂಡಿಯಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಫೋರ್ಕ್ ಕಬ್ಬಿಣದ ಕೋಲಿನಂತೆ ನಿಂತುಬಿಡುವ ಅಪಾಯವಿದೆ. ಮುಚ್ಚಳ ತಿರುಗಿಸುವಾಗ ಸ್ಪ್ರಿಂಗಿನ ಒತ್ತಡಕ್ಕೆ ಅದು ಚಿಮ್ಮಬಹುದಾದ್ದರಿಂದ ಮುಖವನ್ನು ಪಕ್ಕಕ್ಕಿಟ್ಟುಕೊಳ್ಳಿ. ಮುಂಭಾಗ ಮೇಲೇರಿದ ಮೇಲೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಂದೇ ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ, ನೀವು ಕೂತುಕೊಂಡೇ ಅದನ್ನು ಇಳಿಸಿಕೊಳ್ಳಿ.