ಚೇಂಬರ್ಸ್ ಪಕ್ಷ ಬಿಟ್ಟದ್ದು ಒಪ್ಪಂದದಿಂದಲ್ಲ

ನಿಮ್ಮ ಲೇಖನದಲ್ಲಿ, ಸೋವಿಯತ್ ಪರ ಗೂಢಚಾರಿಕೆ ಮಾಡಿದ್ದ ಅಮೆರಿಕದ ವಿಟೇಕರ್ ಚೇಂಬರ್ಸ್ ಕಥೆ ಕೂಡಿಬರದೇ ಇರುವುದಕ್ಕೆ ಕಾರಣ ಬಹುಶಃ ಎರಡು ಇಸವಿ ಕಲಸಿಹೋಗಿರುವುದು. ಹಿಟ್ಲರ್–ಸ್ಟಾಲಿನ್ ಒಪ್ಪಂದ (ಒಬ್ಬರ ಮೇಲೊಬ್ಬರು ದಾಳಿ ಮಾಡಬಾರದೆಂಬ ಒಡಂಬಡಿಕೆ) ನೋಡಿ ಬೇಸತ್ತು ಕಮ್ಯುನಿಸ್ಟ್ ಪಕ್ಷ ಬಿಟ್ಟ ಅಂತ ಬರೆದಿದ್ದೀರಿ. ಒಪ್ಪಂದ ಆಗಿದ್ದು 1939ರ ಆಗಸ್ಟ್‌ನಲ್ಲಿ. ಆತ ಸೋವಿಯತ್ ಗೂಢಚಾರಿಕೆ ಬಿಟ್ಟು ತಲೆಮರೆಸಿಕೊಂಡಿದ್ದು 1938ರಲ್ಲೇ. ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ.

ಮೊದಲು 1938ನ್ನು ಬೇರೆ ಮಾಡಿ. ಸ್ಟಾಲಿನ್ ತನ್ನವರನ್ನೇ ಕೊಲ್ಲಿಸುತ್ತಿದ್ದ ಕಾಲ, ಮಾಸ್ಕೋಗೆ ಕರೆಸಿಕೊಂಡವರು ವಾಪಸ್ ಬರುತ್ತಿರಲಿಲ್ಲ. ಆ ಭಯ ಅಲ್ಲಿ ಬರಲಿ. ಹೊರಡುವ ಮುಂಚೆ ಕೆಲವು ಕದ್ದ ದಾಖಲೆಗಳನ್ನು ಎತ್ತಿಟ್ಟುಕೊಂಡ, ಪ್ರಾಣಕ್ಕೆ ಜಾಮೀನು ಇರಲಿ ಅಂತ. ಆಮೇಲೆ ಒಪ್ಪಂದ ತನ್ನಿ. ಅದಾದ ಕೆಲವೇ ದಿನಕ್ಕೆ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿ ಅಡಾಲ್ಫ್ ಬರ್ಲಿ ಮುಂದೆ, ಜೊತೆಗಿದ್ದ ಗೂಢಚಾರರ ಹೆಸರುಗಳನ್ನು ಹೇಳಿದ. ಅಂದರೆ ಒಪ್ಪಂದ ಬಾಯಿ ಬಿಡಿಸಿತು, ಪಕ್ಷ ಬಿಡಿಸಲಿಲ್ಲ. ಕೊನೆಗೆ 1948: ವಿದೇಶಾಂಗ ಇಲಾಖೆಯ ಮಾಜಿ ಅಧಿಕಾರಿ ಆಲ್ಜರ್ ಹಿಸ್ ವಿರುದ್ಧ ಸಾಕ್ಷಿ, ಹೊಲದ ಕುಂಬಳಕಾಯಿಯೊಳಗೆ ಬಚ್ಚಿಟ್ಟ ಆ ದಾಖಲೆಗಳ ಫಿಲ್ಮ್. ಹಿಸ್‌ಗೆ ಶಿಕ್ಷೆಯಾಗಿದ್ದು ಸುಳ್ಳು ಸಾಕ್ಷಿಗೆ, ಗೂಢಚಾರಿಕೆಗಲ್ಲ. ಅದನ್ನೂ ತಿದ್ದಿಕೊಳ್ಳಿ.

ಮನಸ್ಸು ತಿರುಗಿದ್ದು ಹೇಗೆ ಅಂತ ಕೇಳಿದ್ದೀರಲ್ವಾ? ಮುಖಕ್ಕೆಲ್ಲ ಗಂಜಿ ಮೆತ್ತಿಕೊಳ್ಳುತ್ತಿದ್ದ ಪುಟ್ಟ ಮಗಳ ಕಿವಿಯ ಸುರುಳಿ ನೋಡುತ್ತಾ, ಇದು ಸುಮ್ನೆ ಅಣುಗಳು ಕೂಡಿ ಆಗಿದ್ದಲ್ಲ ಅನ್ನಿಸಿತಂತೆ. ದೇವರಿಲ್ಲ ಅಂತಿದ್ದ ಮನುಷ್ಯ ಮುಂದೆ ಕ್ವೇಕರ್ (ಒಂದು ಕ್ರೈಸ್ತ ಪಂಥದವ) ಆದ. ಆದರೆ ಇದನ್ನು ಬರೆದಿದ್ದು 1952ರ ಆತ್ಮಕಥೆಯಲ್ಲಿ, ಎಷ್ಟೋ ವರ್ಷದ ನಂತರ. ಭಯ ಎಷ್ಟು, ಕಿವಿ ಎಷ್ಟು ಅಂತ ತೂಗುವುದು ಕಷ್ಟ. ಆ ಸಾಲಿಗೆ "ಆತನೇ ಹೇಳಿಕೊಂಡಂತೆ" ಅಂತ ಸೇರಿಸಿಬಿಡಿ, ಸಾಕು.